ಮಾಲಿಂಗಪ್ಪನ ಸೆಟ್ಟಿನಲ್ಲಿ ತಾಳ ಕೇಳಿಸುತ್ತಿಲ್ಲ

೧

ಮೊದಲ ವಾಕ್ಯದಲ್ಲಿ ರೆಕಾರ್ಡಿನ ಮೇಲೆ ಸೂಜಿ ಇಳಿಯಬೇಕೋ, ಮನೆಯ ಬಾಗಿಲು ತೆರೆಯಬೇಕೋ ಎಂದು ಬೆಳಗ್ಗೆಯಿಂದ ಒದ್ದಾಡುತ್ತಿದ್ದೇನೆ. ಸೂಜಿ ಇಳಿದರೆ ಸದ್ದು ಬರಬೇಕು, ಸದ್ದು ಬಂದರೆ ಅದು ಹೇಗಿತ್ತು ಎಂದು ಬರೆಯಬೇಕು. ಹೇಗಿತ್ತು ಎನ್ನುವುದೇ ಈ ಕಥೆಯ ಜಗಳ. ಹಾಗಾಗಿ ಬಾಗಿಲು.

(ಹುಕ್ಕೇರಿಯ ನನ್ನ ಕೋಣೆಯಲ್ಲಿ ಇಷ್ಟು ಬರೆಯುವುದರೊಳಗೆ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಮತ್ತೆ ಗೋಡೆಯ ಹತ್ತಿರ ಎಳೆದು, ಫ್ಯಾನು ಆರಿಸಿ, ಹಾಕಿ, ಮತ್ತೆ ಆರಿಸಿ ಆಗಿದೆ. ನನ್ನ ಪಾತ್ರವೂ ಇಂಥ ಚಡಪಡಿಕೆಯ ಮನುಷ್ಯನೇ. ಯಾರಿಂದ ಯಾರಿಗೆ ಅಂಟಿತೋ ಗೊತ್ತಿಲ್ಲ.)

೨

ಬಾಗಿಲು ತೆರೆಯಿತು ಅಂದುಕೊಳ್ಳಿ. ಊರು ಗೋಕಾಕ ತಾಲೂಕಿನ ಮಮದಾಪುರ. ಒಳಗೆ ಮಾಲಿಂಗಪ್ಪ ಮತ್ತು ಅವನ ಹೆಂಡತಿ ಅನ್ನಪೂರ್ಣಾ. ಕುರಿ ಕಾಯುವ ಮನೆತನ, ಆದರೆ ಕುರಿ ಅಣ್ಣನ ಪಾಲಿಗೆ ಹೋಗಿವೆ. ಇವನು ಹರೆಯದಿಂದ ಒಂದು ನೂಲಿನ ಗಿರಣಿಯಲ್ಲಿ ದುಡಿದು ಈಗ ಮನೆಯಲ್ಲಿದ್ದಾನೆ. (ಯಾವ ಗಿರಣಿ ಎಂದು ಕೇಳಬೇಡಿ. ಕಥೆಗೆ ಅದರ ಸದ್ದಷ್ಟೇ ಸಾಕು.)

ಪಡಸಾಲೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್, ಮರದ ಡಬ್ಬಿಯ ವಾಲ್ವ್ ಆಂಪ್ಲಿಫೈಯರ್, ಎರಡು ಸ್ಪೀಕರ್. ವಾಲ್ವ್ ಅಂದರೆ ಗಾಜಿನ ಬುರುಡೆಗಳು. ಕಾದು ಕೆಂಪಗಾಗುವ ತನಕ ಕಾಯಬೇಕು, ಆಮೇಲೆ ಹಾಡುತ್ತವೆ. ಸಂಜೆಯಾದರೆ ಗಂಡ ಹೆಂಡತಿ ಚಹಾ ಹಿಡಿದು ಕೂತು ಏಕತಾರಿಯ ತಂತಿ, ದಮ್ಮಡಿಯ ಚರ್ಮ, ಕಂಚಿನ ತಾಳ ಕೂಡಿದ ಭಜನೆಯ ರೆಕಾರ್ಡ್ ಕೇಳುತ್ತಾರೆ.

"ಕೇಳುತ್ತಾರೆ" ಎಂದು ಬಹುವಚನದಲ್ಲಿ ಬರೆದುಬಿಟ್ಟೆ. ತಪ್ಪು ಅಲ್ಲೇ ಇದೆ.

೩

ಈಚೆಗೆ ಮಾಲಿಂಗಪ್ಪನದು ಒಂದೇ ಮಾತು. "ತಾಳ ಕೇಳಸವಲ್ದು. ಏಕತಾರಿ ಕೇಳಸ್ತೈತಿ, ದಮ್ಮಡಿ ಕೇಳಸ್ತೈತಿ. ತಾಳ ಎತ್ತ ಹೋತ?"

ಸೂಜಿ ಬದಲಿಸಿದ. ವೈರು ಬದಲಿಸಿದ. ಸ್ಪೀಕರ್‌ಗಳನ್ನು ಮೂಡಣ ಗೋಡೆಯಿಂದ ಪಡುವಣ ಗೋಡೆಗೆ ಒಯ್ದ, ಮತ್ತೆ ತಂದ. ಕೋಣೆ ಮಾರ್ದನಿ ಕೊಡಬಾರದು ಎಂದು ಯೂಟ್ಯೂಬಿನಲ್ಲಿ ಒಬ್ಬ ಹೇಳಿದನೆಂದು ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ವಾರದಲ್ಲಿ "ಕಂಬಳಿ ತಾಳಾ ಕುಡ್ಯಾಕತ್ತಾವ" ಎಂದು ಅವನ್ನೂ ಕಿತ್ತ. ಮೊಳೆಗಳು ಹಾಗೇ ಉಳಿದವು, ಅನ್ನಪೂರ್ಣಾ ಒಂದಕ್ಕೆ ಜರಡಿ, ಒಂದಕ್ಕೆ ಕೊಡೆ ನೇತುಹಾಕಿದಳು.

೩ (ಮತ್ತೆ. ಹೇಳಬೇಕಾದ್ದನ್ನು ಹೇಳದೆ ಮುಂದೆ ಹೋಗುತ್ತಿದ್ದೆ)

ಗಿರಣಿಯಲ್ಲಿ ಮಷಿನ್ನು ಶುರುವಾದರೆ ಬಾಜೂದವನು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗುವುದಿಲ್ಲ. ಸದ್ದಿಲ್ಲದೆ ತುಟಿ ಆಡಿಸುತ್ತಾರೆ, ಎದುರಿನವನು ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಚಹಾ ಬೇಕೇನು, ಮಗಳಿಗೆ ವರ ಸಿಕ್ಕನೇನು, ಸಾಹೇಬ ಬಂದ ಎದ್ದೇಳು, ಎಲ್ಲವೂ ತುಟಿಯಲ್ಲೇ. ಮಾಲಿಂಗಪ್ಪನಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಅವನ ಕಿವಿ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದದ್ದು ಮನೆಯವರಿಗೆ ಗೊತ್ತೇ ಆಗಲಿಲ್ಲ. ಎದುರಿಗೆ ನಿಂತವರ ಪಿಸುಮಾತಿಗೂ ಉತ್ತರ ಕೊಡುತ್ತಿದ್ದ.

ರೆಕಾರ್ಡಿಗೆ ತುಟಿ ಇಲ್ಲ.

ಅನ್ನಪೂರ್ಣಾಗೆ ತಿಳಿದದ್ದು ಒಂದು ದಿನ ಹಿತ್ತಲಲ್ಲಿ ಹಿಂದಿನಿಂದ ಎಷ್ಟು ಕರೆದರೂ ಅವನು ಓಗೊಡದೆ ಹೋದಾಗ. ಅಷ್ಟರಲ್ಲಿ ಅವಳು ಒಂದು ಸುಳ್ಳು ಹೇಳಿ ಆಗಿತ್ತು. ತಾಳ ಮಾಯವಾದ ಮೊದಲ ಸಂಜೆ ಅವನು "ನಿನಗರ ಕೇಳಸ್ತೈತೇನ?" ಎಂದು ಕೇಳಿದ್ದ. ಅವನ ಮುಖ ನೋಡಿ, "ಇಲ್ರಿ, ನನಗೂ ಮಬ್ಬ ಕೇಳಸಾಕತ್ತೈತಿ" ಅಂದುಬಿಟ್ಟಿದ್ದಳು.

೫ (ನಾಲ್ಕನ್ನು ಹರಿದುಹಾಕಿದೆ. ಅದರಲ್ಲಿ ಸಂಗೀತದ ಬಗ್ಗೆ ನನ್ನ ಚಿಂತನೆಗಳಿದ್ದವು. ನೀವು ಬದುಕಿದಿರಿ)

ಮೂಡಲಗಿಯಿಂದ ಶ್ರೇಣಿಕ ಬಂದ. ಹಳೆಯ ಸೆಟ್ಟುಗಳನ್ನು ರಿಪೇರಿ ಮಾಡುವ, ಹೊಸವನ್ನು ಮಾರುವ ಅಂಗಡಿ ಅವನದು. ಡಬ್ಬಿ ಬಿಚ್ಚಿ, ನೋಡಿ, ಮುಚ್ಚಿ, ಒಂದು ರೆಕಾರ್ಡ್ ಹಚ್ಚಿ ಕೇಳಿದ.

"ಕಾಕಾ, ಖರೆ ಹೇಳ್ತೇನ್ರಿ. ಸೆಟ್ಟಿಗೆ ಏನೂ ಆಗಿಲ್ಲ. ತಾಳ ಖಣಖಣ ಅನ್ನಾಕತ್ತೈತಿ."

"ನಿಮ್ಮ ಕಾಕೂನ ಕೇಳ ಬೇಕಾದ್ರ," ಅಂದ ಮಾಲಿಂಗಪ್ಪ.

ಶ್ರೇಣಿಕ ತಿರುಗಿ ನೋಡಿದ. ಅನ್ನಪೂರ್ಣಾ ನೆಲ ನೋಡುತ್ತ, "ಮಬ್ಬ ಐತ್ಯೋ ತಮ್ಮಾ," ಅಂದಳು.

ಮಾತು ಮುಗಿಯಿತು. ಬರುವ ಸೋಮವಾರ ಟೆಂಪೋದಲ್ಲಿ ಹೊಸ ಪ್ಲೇಯರ್, ಹೊಸ ಆಂಪ್ಲಿಫೈಯರ್, ಹೊಸ ಟವರ್ ಸ್ಪೀಕರ್ ಬರುತ್ತವೆ, ಹಳೆಯ ಸೆಟ್ಟು ಎಲ್ಲ ಹೋಗುತ್ತದೆ. ಆ ಕೆಂಪು ಬುರುಡೆಗಳ ಸದ್ದೆಂದರೆ ಅನ್ನಪೂರ್ಣಾಗೆ ಜೀವ. ಅದನ್ನು ಉಳಿಸಿಕೊಳ್ಳಬೇಕಾದರೆ ಅವಳು ಒಂದೇ ಮಾತು ಹೇಳಬೇಕು: ನನಗೆ ಕೇಳಿಸುತ್ತದೆ, ನಿಮಗೆ ಇಲ್ಲ.

೬

ಮೊದಲ ಮುಕ್ತಾಯ: ಶ್ರೇಣಿಕ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಕಿವಿಗೆ ಮಷಿನ್ನು. ತಾಳ ಕೇಳುತ್ತದೆ. ಕಣ್ಣೀರು.

"ಇದೇನ್ರಿ ಸಾಹೇಬ್ರ, ಟೀವ್ಯಾಗಿನ ಅಡ್ವರ್ಟೈಜ್ ಆತಲ್ಲ," ಅಂದಳು ಅನ್ನಪೂರ್ಣಾ. ನನ್ನ ಕೋಣೆಗೇ ಬಂದಿದ್ದಳು. ಕುರ್ಚಿ ಕೊಟ್ಟೆ, ಕೂರಲಿಲ್ಲ.

ಎರಡನೆಯದು: ಸೆಟ್ಟು ಹೋಗುತ್ತದೆ. ಖಾಲಿ ಪಡಸಾಲೆ, ಮೌನ.

"ಮೌನ ಯಾಕ ಬರ್ತೈತಿ? ಹೊಸಾ ಸೆಟ್ ಬಂದಿರ್ತೈತಲ್ಲ."

"ಹಂಗಾದ್ರ ನೀವ ಹೇಳಿಬಿಡ್ರಿ ಅವರಿಗೆ," ಅಂದೆ. ಸಿಟ್ಟು ಬಂದಿತ್ತು. "ಒಂದ ಮಾತ. ಯಾಕ ಹೇಳವಲ್ರಿ?"

"ಹೇಳೇನ್ರಿ."

"ಯಾವಾಗ?"

"ದಿನಾ ಹೇಳ್ತೇನಿ. ಬೆನ್ನ ಹಿಂದ ನಿಂತು."

ಈ ಹೆಂಗಸನ್ನು ನಾನು ಹುಟ್ಟಿಸಿದೆ ಎಂದು ಯಾರಿಗೆ ಹೇಳಲಿ!

"ಹೇಳದ ಇದ್ರ ಎದಿ ಒಡೀತೈತಿ," ಅಂದಳು. "ಹೇಳಿದ್ರ ಅವರ ಒಬ್ಬರ ಆಗ್ತಾರ. ಸಂಜಿಮುಂದ ನಾ ಕೇಳೂದು, ಅವರು ನನ್ನ ಮಾರಿ ನೋಡೂದು. ಅದೆಂಥಾ ಬಾಳೇವ್ರಿ?"

೭

ಸೋಮವಾರ. ಟೆಂಪೋ ಬಾಗಿಲಿಗೆ ಬಂದಿದೆ. ಮಾಲಿಂಗಪ್ಪ ಪ್ಲೇಯರಿನ ಮುಂದೆ ಕೂತು, ಅದರ ಹೊಗೆಬಣ್ಣದ ಪ್ಲಾಸ್ಟಿಕ್ ಮುಚ್ಚಳ ಎತ್ತಿ, ಇದೇ ಕಡೆಯದು ಎಂದು ಒಂದು ರೆಕಾರ್ಡ್ ಹಚ್ಚಿದ. ಸೂಜಿ ಇಳಿಯಿತು. (ಕೊನೆಗೂ.) ಏಕತಾರಿ, ದಮ್ಮಡಿ, ಅದರ ಮೇಲೆ ತಾಳ, ನಿಚ್ಚಳವಾಗಿ.

ಅನ್ನಪೂರ್ಣಾ ಹಿಂದೆ ಬಂದು ನಿಂತಳು. "ಸೆಟ್ಟಿಗೆ ಏನೂ ಆಗಿಲ್ರಿ," ಅಂದಳು, ದಿನದಂತೆ. "ನಿಮ್ಮ ಕಿವಿ ಹೋಗ್ಯಾವ. ನನಗ ಎಲ್ಲಾ ಕೇಳಸ್ತೈತಿ."

ಮಾಲಿಂಗಪ್ಪ ತಿರುಗಲಿಲ್ಲ. "ಮುಂದ ಬಂದ ಹೇಳ," ಅಂದ.

ಎತ್ತಿದ ಮುಚ್ಚಳದಲ್ಲಿ, ಕನ್ನಡಿಯಲ್ಲಿ ಕಂಡಂತೆ, ಅವಳ ಮುಖ ಪೂರ್ತಿ ಕಾಣುತ್ತಿತ್ತು. ನನಗೆ ಹೊಳೆದೇ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಇಷ್ಟು ದಿನವೂ ಅವನು ಅಲ್ಲಿ ನೋಡುತ್ತಿದ್ದನೋ, ಇವತ್ತೇ ಕಂಡನೋ, ಅದೂ ಗೊತ್ತಿಲ್ಲ.

"ಕಿವಿ ಹೋಗ್ಯಾವಂತ ನನಗ ಗೊತ್ತಿಲ್ಲೇನ?" ಅಂದ. "ಗಿರಣ್ಯಾಗಿದ್ದಾಗ ಗೊತ್ತಿತ್ತ. ನಿನಗ ಕೇಳಸ್ತೈತಿ ಅಂದಿದ್ರ ಅವತ್ತ ಸುಮ್ಮನಾಗ್ತಿದ್ನಿ. ನಿನಗೂ ಮಬ್ಬ ಐತಿ ಅಂದಿ. ನಿನಗರ ಚಲೋ ಕೇಳ್ಲಿ ಅಂತ ಇಷ್ಟೆಲ್ಲಾ ಮಾಡಾಕತ್ತೇನಿ. ಈಗ ಏನಂದಿ? ಕನ್ನಡ್ಯಾಗ ತುಟಿ ಉಲ್ಟಾ ಕಾಣ್ತಾವ, ಅರ್ಧಾ ತಿಳೀಲಿಲ್ಲ. ಮುಂದ ಬಾ."

ಅವಳು ಮುಂದೆ ಬಂದಳು. ಅಳು ಬಂದಿತ್ತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಬಾಗಿಲಲ್ಲಿ ಶ್ರೇಣಿಕ, "ಕಾಕೂ, ಸೆಟ್ ಒಯ್ಯಲ್ಯಾ, ಬಿಡಲ್ಯಾ?" ಅಂದ.

ಅವಳ ಎದುರಿಗೆ ಎರಡು ಉತ್ತರ ಇಟ್ಟೆ. ಮಬ್ಬು ಎಂದರೆ ಅವನ ಇಷ್ಟು ದಿನದ ಪಾಡಿಗೆ ಅರ್ಥ ಉಳಿಯುತ್ತದೆ, ಸೆಟ್ಟು ಹೋಗುತ್ತದೆ. ಕೇಳಿಸುತ್ತದೆ ಎಂದರೆ ಸೆಟ್ಟು ಉಳಿಯುತ್ತದೆ, ಅವಳು ಒಬ್ಬಳೇ ಕೇಳಬೇಕು. ಎರಡನ್ನೂ ತಳ್ಳಿ ಅವಳು ಸೆರಗಿನೊಳಗೆ ಬೇರೆ ಏನೋ ಅಂದಳು.

ನನಗೆ ಕೇಳಿಸಿತು. ಬರೆಯುವುದಿಲ್ಲ. ಸಿಟ್ಟಾಗಬೇಡಿ. ಅವನಿಗಿಂತ ಮೊದಲು ನಿಮಗೆ ತಿಳಿಯುವುದು ಸರಿಯಲ್ಲ.

"ಸೆರಗ ಸರಸ," ಅಂದ ಮಾಲಿಂಗಪ್ಪ. "ಬಾಯಿ ಕಾಣವಲ್ದು."