ತಳದಲ್ಲಿ ಬಿಟ್ಟ ನೀರು

ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವುದೆಂದರೆ ಬೀಗರು ಬಂದ ಹಾಗೆ. ಬರುತ್ತೇವೆಂದ ದಿನ ಬರುವುದಿಲ್ಲ, ಬಂದ ದಿನ ಮನೆಯಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ತುಂಗಭದ್ರೆ ದಂಡೆ ಮೀರಿ ಹರಿದರೂ ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹೀಗಾಗಿ ಮಂಜವ್ವನ ಮನೆಯಲ್ಲಿ ಮನುಷ್ಯರಿಗಿಂತ ಪಾತ್ರೆಗಳೇ ಹೆಚ್ಚು. ಎಲ್ಲಕ್ಕಿಂತ ದೊಡ್ಡದು ಮಗ್ಗದ ಕೋಣೆಯ ಮೂಲೆಯಲ್ಲಿದ್ದ ನೀಲಿ ಬ್ಯಾರಲ್ಲು.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು ನೇಯ್ದು ಮಂಜವ್ವನ ಸೊಂಟ ಯಾವತ್ತೋ ಕೈಕೊಟ್ಟಿತ್ತು. ಸೊಸೆ ಸಪ್ನಾ ತುಂಬು ಬಸುರಿ, ಬಿಂದಿಗೆ ಎತ್ತುವಂತಿಲ್ಲ. ಮಗ ಲೋಹಿತ ಬೆಳಗಾದರೆ ಮುಂಡರಗಿಯ ಗಾಡಿ ಹತ್ತಿ ಕೆಲಸಕ್ಕೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನೀರಿನ ಕೆಲಸವೆಲ್ಲ ಮುದುಕಿಯ ಪಾಲಿಗೆ.

ಓಣಿಯಲ್ಲಿ ಡೆಂಗಿ ಜ್ವರ ಎದ್ದಾಗ ಆಶಾ ಕಾರ್ಯಕರ್ತೆ ಸಬೀನಾ ಬಂದಳು. ಬ್ಯಾರಲ್ಲಿನೊಳಗೆ ಬ್ಯಾಟರಿ ಬಿಟ್ಟು ಕರೆದಳು.

“ನೋಡ್ ಬರ್ರಿ ಮಂಜಕ್ಕ, ಹುಳ ಹೆಂಗ ಕುಣ್ಯಾಕತ್ತಾವು.”

“ಅಷ್ಟೂ ನೀರು ಚೆಲ್ಲು ಅಂತೀಯೇನವ್ವಾ? ಮತ್ಯಾವಾಗ ನಳ ಬರ್ತೈತೋ ಏನೋ.”

“ಚೆಲ್ಲಬ್ಯಾಡ್ರಿ. ಅರಿವಿಲೆ ಸೋಸಿ ಬ್ಯಾರೆ ಪಾತ್ರ್ಯಾಗ ಹಾಕ್ರಿ. ಆದ್ರ ಬ್ಯಾರಲ್ ಪೂರಾ ಬರಿದು ಮಾಡಿ, ಒಳಗ ತಿಕ್ಕಿ, ಬಿಸಲಿಗೆ ಬೋರಲ ಹಾಕ್ರಿ. ಸೊಳ್ಳಿ ತತ್ತಿ ಒಳಗಿನ ಗ್ವಾಡಿಗೆ ಅಂಟಿರ್ತಾವು. ವಾರಕ್ಕೊಮ್ಮಿ ಹಿಂಗ ಮಾಡಬೇಕು.”

“ಆತವ್ವಾ,” ಎಂದಳು ಮಂಜವ್ವ.

ಅವಳು ಮಾಡಿದಳು ಕೂಡ, ಸುಳ್ಳೇಕೆ ಹೇಳಬೇಕು. ಹಳೆಯ ಸೀರೆಯ ಸೆರಗಿನಲ್ಲಿ ಸೋಸಿ ಸೋಸಿ, ಮನೆಯ ತಪ್ಪಲಿ, ಬಕೀಟು, ಕೊನೆಗೆ ಹಿಟ್ಟು ನಾದುವ ಪರಾತವನ್ನೂ ಬಿಡದೆ ತುಂಬಿದಳು. ತಳದಲ್ಲಿ ಒಂದು ಬಿಂದಿಗೆಯಷ್ಟು ಉಳಿದಾಗ ಕೈ ನಿಂತಿತು. ಬಸುರಿ ಇರುವ ಮನೆಯಲ್ಲಿ ನೀರಿನ ಭಾಂಡೆ ಬರಿದಾಗಬಾರದು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಸತ್ತ ಮನೆಯಲ್ಲಿ ಮಾತ್ರ ನೀರು ಪೂರಾ ಚೆಲ್ಲಿ ಭಾಂಡೆ ಬೋರಲು ಹಾಕುವುದು. ಸಪ್ನಾಳ ಮೊದಲ ಬಸುರು ಮೂರೇ ತಿಂಗಳಿಗೆ ಇಳಿದುಹೋಗಿತ್ತು. ಈ ಸಲ ಒಂದು ಕೂದಲೆಳೆಯಷ್ಟು ಅಪಶಕುನಕ್ಕೂ ಮಂಜವ್ವ ಎಡೆಗೊಡುವವಳಲ್ಲ. ಸೊಂಟವೂ ಸಾಕು ಸಾಕು ಅನ್ನುತ್ತಿತ್ತೆನ್ನಿ. ಒಂದು ಬಿಂದಿಗೆ ತಳದಲ್ಲಿ ಬಿಟ್ಟು, ಸೋಸಿದ ನೀರನ್ನು ಮತ್ತೆ ಅದರ ಮೇಲೆಯೇ ಸುರಿದಳು. ಬಾಯಿಗೆ ಸರಿಯಾಗಿ ಕೂಡದ ಒಂದು ತಾಟು ಮುಚ್ಚಿದಳು. ಮುಂದಿನ ವಾರ ಸಬೀನಾ ಕೇಳಿದಾಗ, “ಮಾಡೇನವ್ವಾ” ಎಂದಳು.

ಸಪ್ನಾ ಮಧ್ಯಾಹ್ನವೆಲ್ಲ ಅದೇ ಕೋಣೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಈ ಜ್ವರದ ಸೊಳ್ಳೆ ಹಗಲುಗಳ್ಳ. ರಾತ್ರಿ ಪರದೆ ಕಟ್ಟಿಕೊಂಡು ಮಲಗಿದರೆ ಅದಕ್ಕೇನು?

ಒಂದು ದಿನ ಸಪ್ನಾಳ ಮೈ ಕಾದ ಹಂಚಾಯಿತು. ಕಣ್ಣಿನ ಹಿಂದೆ ನೋವು, ಕೀಲುಕೀಲಿನಲ್ಲಿ ನೋವು. ಅಂಗಡಿಯಿಂದ ತಂದ ನೋವಿನ ಗುಳಿಗೆ ಕೊಡಲು ಹೊರಟಿದ್ದ ಮಂಜವ್ವನ ಕೈಯನ್ನು, ಸುದ್ದಿ ತಿಳಿದು ಬಂದ ಸಬೀನಾ ಹಿಡಿದಳು. “ಆ ಗುಳಿಗಿ ಬ್ಯಾಡ್ರಿ, ರಕ್ತ ಹೋಗಾಕ ಹತ್ತಿದ್ರ ನಿಲ್ಲಂಗಿಲ್ಲ. ಮದಲ ದವಾಖಾನಿಗೆ ನಡೀರಿ.” ಗದಗದ ದವಾಖಾನೆಯಲ್ಲಿ ರಕ್ತ ನೋಡಿ, ಡೆಂಗಿ ಎಂದು ಒಳಗೆ ಮಲಗಿಸಿಕೊಂಡರು. ತಾಯಿ, ಕೂಸು ಇಬ್ಬರಿಗೂ ಕಷ್ಟದ ಹೊತ್ತು, ಈಗಲೇ ಏನೂ ಹೇಳಲಾಗದು ಎಂದರು.

ದವಾಖಾನೆಯ ಕಟ್ಟೆಯ ಮೇಲೆ ಮಂಜವ್ವ ಸಬೀನಾಳನ್ನು ಮೆಲ್ಲಗೆ ಕೇಳಿದಳು, “ನಮ್ಮ ಮನಿ ಸೊಳ್ಳಿನ ಕಡದಿತ್ತೇನ?”

ಸಬೀನಾಳಿಗೂ ಮನೆ ಮನೆ ತಿರುಗಿ ಸುಸ್ತಾಗಿತ್ತು. “ಯಾರಿಗೊತ್ತು ಮಂಜಕ್ಕ. ಸೊಳ್ಳಿ ಏನ ಹೆಸರು ಹೇಳಿ ಕಡೀತಾವೇನ್ರಿ? ನೀವಂತೂ ಬ್ಯಾರಲ್ ಬರಿದು ಮಾಡೀರಲ್ಲ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಸಮಾಧಾನದ ಮಾತು ಕೇಳಲಾರದೆ ಮಂಜವ್ವ ಎದ್ದು ಒಳಗೆ ಸೊಸೆಯ ಹತ್ತಿರ ಹೋದಳು.

ಮರುದಿನ ಬೆಳಿಗ್ಗೆ ಲೋಹಿತನನ್ನು ಸಪ್ನಾಳ ಹತ್ತಿರ ಕೂರಿಸಿ, ಗಂಜಿ ಕಾಸಲು ಮನೆಗೆ ಬಂದವಳು ಮೊದಲು ಮಗ್ಗದ ಕೋಣೆಗೆ ಹೋದಳು. ಬ್ಯಾರಲ್ಲಿನ ತಳದಲ್ಲಿ ಮೂರು ಬಿಂದಿಗೆಯಷ್ಟು ನೀರಿತ್ತು, ಮತ್ತೆ ಹುಳ ಕುಣಿಯುತ್ತಿದ್ದವು. ಸೋಸುವ ತ್ರಾಣ ಅವಳಲ್ಲಿರಲಿಲ್ಲ. ಎಳೆದು ಎಳೆದು ಅಂಗಳಕ್ಕೆ ತಂದು, ಬಿಸಿಲಿಗೆ ಕಾದ ಮಣ್ಣಿಗೆ ಅಷ್ಟನ್ನೂ ಸುರಿದಳು. ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕುವಾಗ ತಲೆಯೂ ಬ್ಯಾರಲ್ಲಿನೊಳಗೇ ಇತ್ತು. ಅಲ್ಲಿಯೇ ಸ್ವಲ್ಪ ಅತ್ತಳು. ಆಮೇಲೆ ಅದನ್ನು ಬೋರಲು ಹಾಕಿ ಕೂತಳು.

ಅದೇ ಹೊತ್ತಿಗೆ, ಮಗಳ ಸುದ್ದಿ ಕೇಳಿ, ಲಕ್ಷ್ಮೇಶ್ವರದ ಬಸ್ಸಿಳಿದು ಸಪ್ನಾಳ ತಾಯಿ ಕಳಕವ್ವ ಬಂದಳು. ಅಂಗಳದಲ್ಲಿ ಬೋರಲು ಬಿದ್ದ ಬ್ಯಾರಲ್ಲು ಕಂಡು ಓಡಿ ಬಂದಳು.

“ಏನಾತು? ನನ್ನ ಮಗಳಿಗೆ ಏನಾತಬೇ?”

“ಏನೂ ಆಗಿಲ್ಲ ಬೀಗತಿ, ಇನ್ನೂ ಸಲೈನ್ ಹಚ್ಯಾರ.”

“ಮತ್ತ ಇದನ್ಯಾಕ ಬೋರಲ ಹಾಕೀದಿ? ಹೊಟ್ಟ್ಯಾಗ ಕೂಸು ಐತಿ, ಸತ್ತ ಮನ್ಯಾಗ ಮಾಡಿದಂಗ ಮಾಡೀಯಲ್ಲ! ನಿನಗ ಬುದ್ಧಿ ಐತೇನ?” ಕಳಕವ್ವ ಕೈಚೀಲ ಒಗೆದು, ಒಳಗಿನಿಂದ ಒಂದು ತಂಬಿಗೆ ನೀರು ತಂದು ಬ್ಯಾರಲ್ಲನ್ನು ನೆಟ್ಟಗೆ ಮಾಡಲು ಬಾಗಿದಳು.

ಮಂಜವ್ವ ಅದರ ಮೇಲೆ ಎರಡೂ ಕೈ ಊರಿದಳು.

“ನಾನೂ ಹಂಗ ಅನ್ಕೊಂಡ ತಳದಾಗ ಒಂದ ಬಿಂದಿಗಿ ಬಿಟ್ಟೆ. ಆ ಆಶಾ ಹುಡುಗಿ ಬಾಯಿ ಮಾಡಿ ಹೇಳಿದ್ಲು, ಪೂರಾ ಬರಿದು ಮಾಡ್ರಿ ಅಂತ. ನಿನ್ನ ಮಗಳ ಸಲುವಾಗಿನ ಬಿಟ್ಟೆ ಬೀಗತಿ. ಅಪಶಕುನ ಆಗಬಾರ್ದು ಅಂತ ಸೊಳ್ಳಿ ಹುಳ ಸಾಕಿದೆ. ನೀ ಬೇಕಾದ್ರ ನನಗ ಕಾಲಾಗಿನ ಕಾಲ್ಮರಿ ತಗೊಂಡು ಹೊಡಿ. ನೀರ ಮಾತ್ರ ಹಾಕಬ್ಯಾಡ.”

ಕಳಕವ್ವ ತಂಬಿಗೆ ಹಿಡಿದೇ ನಿಂತಳು. ನೀರನ್ನು ತುಳಸಿಗೆ ಹಾಕಿ ಮಂಜವ್ವನ ಪಕ್ಕದಲ್ಲೇ ಕೂತಳು. ಒಲೆಯ ಮೇಲೆ ಇನ್ನೂ ಗಂಜಿ ಇಟ್ಟಿರಲಿಲ್ಲ. ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ.

ಕೊನೆಗೆ ಕಳಕವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, ಲಕ್ಷ್ಮೇಶ್ವರದ ಮನೆಯಲ್ಲಿದ್ದ ಕಿರಿಯ ಮಗಳು ದುರ್ಗಾಳಿಗೆ ಫೋನು ಹಚ್ಚಿದಳು.

“ದುರ್ಗಾ, ಬಚ್ಚಲದಾಗಿನ ಹಂಡೆ, ಹಿತ್ತಲದಾಗಿನ ಟಾಕಿ, ಎಲ್ಲಾ ಬರಿದು ಮಾಡಿ ತಿಕ್ಕಿ ಬೋರಲ ಹಾಕು.”

ಆ ಕಡೆಯಿಂದ ಹುಡುಗಿಯ ದನಿ ಗಾಬರಿಯಾಯಿತು. “ಏನಂತಿಬೇ ಯವ್ವಾ? ಅಕ್ಕ ದವಾಖಾನ್ಯಾಗ ಹಂಗ ಮಲಗಿದಾಳ, ಇಂಥಾದ್ರಾಗ ಹಂಡೆ ಬರಿದು ಮಾಡಂತೀ?”

“ಅಕ್ಕ ಮಲಗಿದಾಳಂತನ ಮಾಡು ಅಂತೀನಿ,” ಎಂದಳು ಕಳಕವ್ವ.