ಅಕ್ಕನಿಗೆ ಹಿಡಿಯಬೇಕಿದ್ದ ಧೂಪ

"ಹಡಗು ಸುಡೋಕೆ ಬಂದಿದ್ದೀಯೋ, ತಿರುಗಾಡೋಕೆ ಬಂದಿದ್ದೀಯೋ, ಮೊದಲು ಅದನ್ನ ಹೇಳು," ಎನ್ನುತ್ತ ಯಾಕೂಬ್ ಹಲ್ವದ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ.

ಹಲ್ವ ಬೀಳಲಿಲ್ಲ. ಒಂದು ಕಾಲುಚೀಲ ಬಿತ್ತು. ಅದರೊಳಗಿಂದ ಇದ್ದಿಲಿನ ಬಿಲ್ಲೆಗಳು ಉರುಳಿದವು, ಹಿಂದೆಯೇ ಒಂದು ಹಿಡಿ ಧೂಪದ ಅಗರು ಚಕ್ಕೆ.

"ಅರಚಬೇಡ. ಗೋಡೆ ತೆಳು," ಎಂದಳು ಅವನ ಹೆಂಡತಿ ಬದ್ರಿಯಾ.

"ಒಂದು ಚೂರು ಹಲ್ವ ತಿನ್ನೋಣ ಅಂತ ಮುಚ್ಚಳ ತೆಗೆದ್ರೆ ಇದ್ದಿಲು. ಮನಾಮಾ ಬಂದರಲ್ಲಿ ಹಡಗು ಹತ್ತುವಾಗ ನಿನ್ನ ಇಸ್ತ್ರಿಪೆಟ್ಟಿಗೆ ತೆಗೆದಿಟ್ಕೊಂಡ್ರು. ಕಾಫಿ ಕಾಯಿಸೋದನ್ನ ತೆಗೆದಿಟ್ಕೊಂಡ್ರು. ಧೂಪದಾನಿ ತೆಗೆದಿಟ್ಕೊಂಡ್ರು. ಅಷ್ಟಾದ್ರೂ ನಿನಗೆ ಬುದ್ಧಿ ಬರಲಿಲ್ಲ. ಬಾಗಿಲ ಹಿಂದೆ ಅರಬಿಯಲ್ಲೇ ಬರೆದು ಅಂಟಿಸಿದಾರೆ. ಓದು."

"ಓದಿದೀನಿ."

"ಮೇಣದಬತ್ತಿ ಬೇಡ, ಧೂಪ ಬೇಡ, ದೀಪದ ಮೇಲೆ ಬಟ್ಟೆ ಹಾಕಬೇಡಿ, ಬಾಲ್ಕನಿಯಿಂದ ಸಿಗರೇಟು ಎಸೀಬೇಡಿ..."

"ಅದನ್ನ ಬರೆದೋನ ಮನೆಗೆ ನೆಂಟರು ಬಂದ ಹಾಗೇ ಇಲ್ಲ."

ಯಾಕೂಬ್ ಮೇಲೆ ನೋಡಿದ. ನೋಡಿದವನು ಹಾಗೇ ನಿಂತ. ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಗುಂಡನೆಯ ಯಂತ್ರವಿತ್ತು. ಅದರ ಮೂತಿಗೆ ಬಚ್ಚಲಮನೆಯ ಪ್ಲಾಸ್ಟಿಕ್ ಟೋಪಿ ಬಿಗಿಯಾಗಿ ಕೂತಿತ್ತು.

"ಅದ್ಯಾಕೆ ಅದಕ್ಕೆ ಟೋಪಿ?"

"ನೆಗಡಿ ಆಗಬಾರದು ಅಂತ."

"ನೋಡು, ನಿಮ್ಮಕ್ಕ ಬರೋ ಹೊತ್ತಿಗೆ ನಾನು ಮೇಲೆ ಊಟದ ಹಾಲಲ್ಲಿ ಇರ್ತೀನಿ. ಯಾರಾದ್ರೂ ಹಿಡಿದ್ರೆ ನನಗೂ ಇದಕ್ಕೂ ಸಂಬಂಧ ಇಲ್ಲ. ನಾನು ಸಿಗಡಿ ತಿನ್ತಾ ಇದ್ದೆ, ಸಾಕ್ಷಿ ಇದೆ."

ಬಾಗಿಲು ದಢಾರನೆ ಹಾಕಿಕೊಂಡು ಹೋದ. ಅವನ ಲೈಟರ್ ಆಗಲೇ ಬದ್ರಿಯಾಳ ಕೈಚೀಲ ಸೇರಿತ್ತು.

ಅವಳೇನೂ ಹಡಗಿಗೆ ಬೆಂಕಿ ಇಡಲು ಇದ್ದಿಲು ತಂದವಳಲ್ಲ. ಅವಳೂರು ಮುಹರ್ರಕ್‌ನ ಯಾವ ಹೆಂಗಸೂ ಮನೆ ಬಿಟ್ಟು ಹೊರಡುವಾಗ ಅಗರು ಬಿಟ್ಟು ಹೊರಡುವುದಿಲ್ಲ. ಬಂದವರಿಗೆ ಕಾಫಿ, ಖರ್ಜೂರ, ಕೊನೆಗೆ ಧೂಪ. ತಲೆಯ ಬಟ್ಟೆಯಡಿ ಹೊಗೆ ತುಂಬಿಸಿಕೊಂಡ ಮೇಲೆ ಅತಿಥಿ ಎದ್ದು ಹೋಗಬೇಕು. ಧೂಪ ಹಿಡಿಯದೆ ಕಳಿಸುವುದೂ ಒಂದೇ, ಹೊರಗೆ ದಬ್ಬುವುದೂ ಒಂದೇ.

ಅಕ್ಕ ಗನಿಯಾ ಮುನಿಸಿಕೊಂಡದ್ದೂ ಇದಕ್ಕೇ. ಬದ್ರಿಯಾಳ ಮಗಳ ಮದುವೆಯಲ್ಲಿ, ಹೆಂಗಸರ ಹಾಲಿನಲ್ಲಿ ಧೂಪದಾನಿ ಕೈಯಿಂದ ಕೈಗೆ ಸಾಗುತ್ತಿತ್ತು. ಅದನ್ನು ಹಿಡಿದಿದ್ದ ಮಂಕುದಿಣ್ಣೆ ಹುಡುಗಿಯೊಬ್ಬಳು ಫೋನ್ ಬಂತೆಂದು ನಡುವೆಯೇ ತಿರುಗಿ ಹೋದಳು. ಊರಿನವರಿಗೆಲ್ಲ ಹೊಗೆ ಸಿಕ್ಕಿತು, ಮದುಮಗಳ ಸ್ವಂತ ದೊಡ್ಡಮ್ಮನಿಗೆ ಸಿಗಲಿಲ್ಲ. ಗನಿಯಾ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇನ್ನು ನಿನ್ನ ಮನೆ ಹೊಸಿಲು ತುಳಿಯಲ್ಲ, ದೇವರಾಣೆ," ಎಂದು ಹೇಳಿ ಹೋದಳು. ತುಳಿಯಲೂ ಇಲ್ಲ. ಇಬ್ಬರ ಮನೆಯೂ ಒಂದೇ ಓಣಿ. ಅವಳು ಹುರಿದ ಮೀನಿನ ವಾಸನೆ ಇವಳ ಮನೆಗೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ಈದ್ ಹಬ್ಬಗಳು ಹಾಗೇ ಕಳೆದವು. ಬದ್ರಿಯಾ ಪ್ರತಿ ಈದ್‌ಗೂ ಬಾಗಿಲು ತೆರೆದಿಟ್ಟುಕೊಂಡು ಕೂತು, ಸಂಜೆ ಯಾಕೂಬನನ್ನು ಬೈದು ಮುಗಿಸುತ್ತಿದ್ದಳು.

ಈ ಪ್ರವಾಸ ಏರ್ಪಡಿಸಿದವನು ಅಕ್ಕತಂಗಿಯರ ಸೋದರಳಿಯ. ಮನೆತನದವರನ್ನೆಲ್ಲ ಒಂದೇ ಹಡಗಿಗೆ ತುಂಬಿದ್ದ. ಮಧ್ಯಾಹ್ನ ಹಡಗು ಬಿಡುವ ಮುಂಚೆ ಅಪಾಯದ ತಾಲೀಮು ನಡೆಯಿತು. ಬುರ್ಖಾದ ಮೇಲೆ ಕಿತ್ತಳೆ ಬಣ್ಣದ ತೇಲುವ ಕೋಟು ಬಿಗಿದುಕೊಂಡು ಸಾಲಾಗಿ ನಿಂತಾಗ, ಬದ್ರಿಯಾಳ ಪಕ್ಕದಲ್ಲಿ ಗನಿಯಾ. ಸೂಫಿಯಾನ್ ಎಂಬ ಟ್ಯುನೀಸಿಯಾದ ಅಧಿಕಾರಿ ತನ್ನ ಊರಿನ ಅರಬಿಯಲ್ಲಿ ಹೇಳುತ್ತಿದ್ದ: ಹೊಗೆ ಕಂಡರೆ ಹೊರಗೆ ಬನ್ನಿ, ಬಾಗಿಲು ಮುಚ್ಚಿ, ಜನರನ್ನು ಕರೆಯಿರಿ, ಕೋಣೆಯಲ್ಲಿ ಬೆಂಕಿ ಹಚ್ಚಿದವರನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತೇವೆ, ಯಾರೇ ಆಗಿರಲಿ. ಬದ್ರಿಯಾ ಕೇಳಿಸಿಕೊಳ್ಳಲಿಲ್ಲ. ಅವಳ ಕಿವಿಯೆಲ್ಲ ಪಕ್ಕದಲ್ಲಿತ್ತು.

"ಕಿತ್ತಳೆ ಬಣ್ಣ ನಿನಗೆ ಒಪ್ಪಲ್ಲ," ಎಂದಳು ಗನಿಯಾ, ಸಮುದ್ರದ ಕಡೆ ನೋಡುತ್ತ.

"ನಿನಗೂ ಒಪ್ಪಲ್ಲ ಅಕ್ಕ."

ಗನಿಯಾ ಕೋಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡಳು.

"ನಾನು ಆಣೆ ಹಾಕಿದ್ದು ನಿನ್ನ ಮನೆಗೆ. ಹಡಗಿನ ಕೋಣೆ ನಿನ್ನ ಅಪ್ಪನ ಮನೆ ಅಲ್ಲ. ಸಂಜೆ ನಮಾಜು ಮುಗಿಸ್ಕೊಂಡು ಬರ್ತೀನಿ."

"ನನ್ನ ಅಪ್ಪ ಅಂದ್ರೆ ನಿನ್ನ ಅಪ್ಪಾನೂ ಅಲ್ವಾ?"

"ಬರಬೇಕೋ ಬೇಡವೋ?"

"ಬಾ," ಎಂದಿದ್ದಳು ಬದ್ರಿಯಾ. ಆ ಕ್ಷಣದಲ್ಲೇ ಅವಳಿಗೆ ಗೊತ್ತಾಗಿತ್ತು, ಈ ಸಲವೂ ಧೂಪ ಸಿಗದೆ ಅಕ್ಕ ಎದ್ದರೆ ಮುಂದಿನ ಭೇಟಿ ಮಣ್ಣು ಕೊಡುವಾಗಲೇ ಎಂದು.

ಗನಿಯಾ ಬಂದಳು. ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಕೋಣೆಯನ್ನು ಒಂದು ಸುತ್ತು ನೋಡಿ, "ನನ್ನ ಕೋಣೆಗೆ ಕಿಟಕಿ ದೊಡ್ಡದು," ಎಂದಳು. ಊಟದ ಹಾಲಿನಿಂದ ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿ ಕುಡಿದು, "ಇದಕ್ಕೆ ಏಲಕ್ಕಿ ತೋರಿಸಿದಾರೆ, ಹಾಕಿಲ್ಲ," ಎಂದಳು. ಖರ್ಜೂರ ತಿಂದಳು. ಮಗಳಿಗೆ ಮಕ್ಕಳೆಷ್ಟು ಎಂದು ಕೇಳಿದಳು, ಓಣಿಯಲ್ಲಿ ದಿನಾ ನೋಡುತ್ತಿದ್ದರೂ. ಬದ್ರಿಯಾಳೂ ಹೊಸದಾಗಿ ಹೇಳುವವಳಂತೆ ಹೇಳಿದಳು. ನಕ್ಕರು. ಆಮೇಲೆ ಗನಿಯಾ ಬಟ್ಟಲನ್ನು ಕೆಳಗಿಟ್ಟು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕಾದಳು.

ಬದ್ರಿಯಾ ಬಚ್ಚಲಿಗೆ ಹೋದಳು. ಧೂಪದಾನಿ ಇರಲಿಲ್ಲ. ಊಟದ ಹಾಲಿನ ಸೂಪಿನ ಬಟ್ಟಲಿತ್ತು, ತಳ ಗುಂಡಗೆ. ಇದ್ದಿಲು ಚಟಪಟ ಎಂದು ಹೊತ್ತಿಕೊಂಡಿತು. ಮೇಲೆ ಚಕ್ಕೆ ಇಟ್ಟು ಈಚೆ ತಂದಾಗ ಗನಿಯಾಳ ಮುಖದ ಬಿಗಿ ಸಡಿಲಿತು. ತಲೆಯ ಬಟ್ಟೆಯ ಒಂದು ಅಂಚನ್ನು ಎತ್ತಿ ಹಿಡಿದಳು. ಹೊಗೆ ಎಡಗಡೆ ಒಳಗೆ ಹೋಯಿತು. ಬಲಗಡೆಯ ಅಂಚು ಎತ್ತುವಷ್ಟರಲ್ಲಿ ಹಡಗು ಒಂದು ಕಡೆಗೆ ವಾಲಿತು.

ಬಟ್ಟಲು ಕೈಯಲ್ಲೇ ಮಗುಚಿತು. ಕೆಂಡ ಹಾಸಿಗೆಯ ಮೇಲೆ ಬಿತ್ತು.

ಹೊದಿಕೆ ಹತ್ತಿಯದಲ್ಲ. ಹಪ್ಪಳದಂತೆ ಸುರುಟಿಕೊಂಡು ಭಗ್ಗನೆ ಹೊತ್ತಿತು. ಬದ್ರಿಯಾ ದಿಂಬಿನಿಂದ ಬಡಿದಳು, ದಿಂಬೂ ಹೊತ್ತಿತು. ಗನಿಯಾ ಫ್ಲಾಸ್ಕಿನ ಕಾಫಿ ಪೂರ್ತಿ ಸುರಿದಳು. ಅಷ್ಟರಿಂದ ಏನಾದೀತು? ಮೇಲಿನ ಯಂತ್ರ ಟೋಪಿಯೊಳಗೆ ತೆಪ್ಪಗೆ ಕೂತಿತ್ತು. ಕಪ್ಪು ಹೊಗೆ ಕಣ್ಣಿಗೆ, ಗಂಟಲಿಗೆ ಇಳಿಯಿತು. ಗನಿಯಾ ಬಾಗಿಲನ್ನು ಪೂರ್ತಿ ತೆರೆದು ಕಿರುಚಿದಳು. ಗಾಳಿ ನುಗ್ಗಿ ಉರಿ ಪರದೆಯವರೆಗೂ ಎದ್ದಿತು. ಹೊಗೆ ಕೋಣೆಗಳ ನಡುವಿನ ಓಣಿಗೆ ಹರಿದಾಗ ಅಲ್ಲಿನ ಗಂಟೆಗಳೆಲ್ಲ ಒಟ್ಟಿಗೆ ಕೂಗಿಕೊಂಡವು.

ಕೋಣೆ ಗುಡಿಸುವ ಫಿಲಿಪ್ಪೀನ್ಸಿನ ಹುಡುಗಿ ರೊವೀನಾ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಹಿಡಿದು ಓಡಿ ಬಂದಳು. ಇಬ್ಬರನ್ನೂ ಕೈಹಿಡಿದು ಹೊರಗೆಳೆದು, ಹೊಸಿಲಿನಲ್ಲಿ ನಿಂತು ಒಳಗೆ ಬಿಳಿ ಪುಡಿ ಊದಿದಳು, ಅರ್ಧ ಹೊರಗೂ ಹಾರಿತು. ಉರಿ ಸತ್ತಿತು. ಅಕ್ಕತಂಗಿಯರು ಕೆಮ್ಮುತ್ತ ಗೋಡೆಗೆ ಒರಗಿ ಕೂತಿದ್ದರು, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ.

ಸೂಫಿಯಾನ್ ಬಂದ. ಒಳಗೆ ಹೋಗಿ, ಅರ್ಧ ಕರಗಿದ ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು ಈಚೆ ತಂದ.

"ಇದನ್ನ ಹಾಕಿದ್ದು ಯಾರು?"

"ನಾನು," ಎಂದಳು ಬದ್ರಿಯಾ.

"ಪಕ್ಕದ ಕೋಣೇಲಿ ಎರಡು ಮಕ್ಕಳು ಮಲಗಿದಾವೆ ತಾಯಿ. ಎದುರುಗಡೆ ಕಾಲಿಲ್ಲದ ಮುದುಕರಿದಾರೆ. ಇದು ಬೀದಿ ಅಲ್ಲ, ಓಡಿಹೋಗೋಕೆ. ಸುತ್ತ ನೀರು."

ಬದ್ರಿಯಾ ಪಕ್ಕದ ಕೋಣೆಯ ಬಾಗಿಲು ನೋಡಿ ತಲೆ ತಗ್ಗಿಸಿದಳು. ಅವಳ ಬದುಕಿನಲ್ಲಿ ಅದು ಅಪರೂಪ.

"ಬೆಳಿಗ್ಗೆ ದೋಹಾದಲ್ಲಿ ನೀವು ಇಳೀಬೇಕು."

ಆ ಹೊತ್ತಿಗೆ ಯಾಕೂಬ್ ಸಿಗಡಿಯ ತಟ್ಟೆ ಹಿಡಿದುಕೊಂಡೇ ಓಡಿ ಬಂದ. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲು ಸರಿಯಿದೆಯೆಂದು ಖಚಿತವಾದ ಮೇಲೆಯೇ ಅವನಿಗೆ ಮಾತು ಬಂತು.

"ನನ್ನನ್ನೂ ಇಳಿಸ್ತೀರಾ?"

"ಹಚ್ಚಿದವರನ್ನ ಮಾತ್ರ."

"ಹಾಗಾದ್ರೆ ನನಗೆ ಬೇರೆ ಕೋಣೆ ಕೊಡಿ. ಇದರಲ್ಲಿ ಹಾಸಿಗೆ ಇಲ್ಲ."

ಬದ್ರಿಯಾ ಅವನನ್ನು ಬೈಯಲೂ ಇಲ್ಲ. ಅಕ್ಕನ ಕಡೆ ತಿರುಗಿದಳು. "ಬಲಗಡೆ ಆಗಲಿಲ್ಲ ಅಕ್ಕ. ಒಂದೇ ಕಡೆ ಆಯ್ತು."

ಗನಿಯಾ ರೆಪ್ಪೆಯ ಮೇಲಿನ ಪುಡಿ ಒರೆಸಿಕೊಂಡಳು. "ಬೆಂಕಿನೇ ಹಿಡಿದ್ಯಲ್ಲೇ ನನಗೆ. ಧೂಪ ಯಾವ ಲೆಕ್ಕ?" ಎಂದಳು. ಮತ್ತೆ ಕೆಮ್ಮಿದಳು. "ಇಂಥ ಜಾಗದಲ್ಲಿ ಇದನ್ನೆಲ್ಲ ಮಾಡಬಾರದಿತ್ತು. ನಾನಾದ್ರೂ ಬೇಡ ಅನ್ನಬೇಕಿತ್ತು, ಕೂತು ಕಾದೆ. ಊರಿಗೆ ಹೋಗಿ ಹತ್ತು ಜನ ಬಡವರಿಗೆ ಊಟ ಹಾಕಿ ಆಣೆ ಮುರಿದ ತಪ್ಪು ತೀರಿಸ್ಕೊಳ್ತೀನಿ. ನಿನ್ನ ಮನೇಲೇ ಬಂದು ಕೂತ್ಕೋತೀನಿ. ಅಲ್ಲಿ ನೆಲ ಅಲ್ಲಾಡಲ್ಲ."

ಬದ್ರಿಯಾ ಅಕ್ಕನ ಪುಡಿ ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ರೊವೀನಾಳ ಮುಂದೆ ನಿಂತು ಕ್ಷಮೆ ಕೇಳಿದಳು. ಆ ಹುಡುಗಿಗೆ ಅರಬಿ ಬರುತ್ತಿರಲಿಲ್ಲ, ಆದರೆ ಅರ್ಥವಾಯಿತು.

ಬೆಳಿಗ್ಗೆ ದೋಹಾದಲ್ಲಿ ಬದ್ರಿಯಾ ಪೆಟ್ಟಿಗೆ ಎಳೆದುಕೊಂಡು ಇಳಿಯುವ ಮೆಟ್ಟಿಲಿನ ಬಳಿ ಬಂದರೆ, ಅಲ್ಲಿ ಗನಿಯಾ ತನ್ನ ಪೆಟ್ಟಿಗೆಯ ಮೇಲೆ ಕೂತಿದ್ದಳು.

"ನಿನ್ನನ್ನ ಯಾರು ಇಳಿಸಿದ್ರು ಅಕ್ಕ?"

"ಯಾರೂ ಇಲ್ಲ. ನಿನ್ನೊಬ್ಬಳನ್ನೇ ಊರಿಗೆ ವಿಮಾನ ಹತ್ತಿಸಿದ್ರೆ ಅಲ್ಲೇನು ಹಚ್ತೀಯೋ."

ಮೇಲಂತಸ್ತಿನ ಕಂಬಿಯ ಹಿಂದಿನಿಂದ ಯಾಕೂಬ್ ಬಾಯಿ ತುಂಬ ತಿನ್ನುತ್ತ ಕೂಗಿದ. "ಬದ್ರಿಯಾ, ಹೋಗ್ಲೇಬೇಕಾ? ಇನ್ನೊಂದು ಸಲ ಕೇಳಿ ನೋಡ್ಲಾ?"

ಇಬ್ಬರೂ ಕತ್ತೆತ್ತಲಿಲ್ಲ. ಬಾಗಿಲಿನಲ್ಲಿದ್ದ ಕಾವಲಿನವನು ಇಬ್ಬರ ಕಾರ್ಡನ್ನೂ ಯಂತ್ರಕ್ಕೆ ತೋರಿಸಿ, ಗನಿಯಾಳಿಗೆ ಹೇಳಿದ: "ನಿಮಗೇನೂ ತಡೆ ಇಲ್ಲ ಅಮ್ಮ. ಆದ್ರೆ ಸಾಮಾನು ಸಮೇತ ಇಳಿದ್ರೆ ಮತ್ತೆ ಹತ್ತೋಕಾಗಲ್ಲ."

"ಹತ್ತೋರು ಯಾರು," ಎಂದು ಗನಿಯಾ ತಂಗಿಯ ತೋಳು ಹಿಡಿದು ಮೆಟ್ಟಿಲಿಳಿದಳು.