ಊಟದ ಮೇಜಿನ ಮೇಲೆ ಫೋನ್ ಇಡಬೇಡಿ

ನಮ್ಮ ಭಾವ ಪುಸ್ತಕ ಬರೆದರು. ಸಾಮಾಜಿಕ ಜಾಲತಾಣವನ್ನು ಹದವಾಗಿ ಬಳಸುವುದು ಹೇಗೆ ಎಂದು ಲೋಕಕ್ಕೆ ಬುದ್ಧಿ ಹೇಳುವ ಪುಸ್ತಕ. ನಾದಿನಿ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರೆ ಬಿಡುತ್ತಾರೆಯೇ? ಕರಡು ತಿದ್ದುವ ಕರ್ಮ ನನ್ನ ತಲೆಗೇ ಬಂತು. ಸುಳ್ಳೇಕೆ ಹೇಳಲಿ, ಪುಸ್ತಕ ಚೆನ್ನಾಗಿಯೇ ಇತ್ತು. ಮುಖ ಪರಿಚಯವಿಲ್ಲದವರ ಜೊತೆ ಜಗಳಕ್ಕಿಳಿಯುವ ಚಟವನ್ನು ಅದನ್ನು ಓದಿಯೇ ನಾನು ಬಿಟ್ಟೆ. ಅದರಿಂದ ಏನೂ ಕಲಿಯದವರು ಬರೆದವರೊಬ್ಬರೇ.

‘ಊಟದ ಮೇಜಿನ ಮೇಲೆ ಫೋನ್ ಇಡಬೇಡಿ’ ಎಂಬುದು ಮೂರನೆಯ ಅಧ್ಯಾಯ. ಭಾವ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಮೇಜಿನ ಮೇಲೆ ಇಡುತ್ತಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಅಕ್ಕ ನರ್ಸ್. ಬೇರೆ ಊರಿನ ದೊಡ್ಡ ಆಸ್ಪತ್ರೆಯವರು ಹೆಡ್ ನರ್ಸ್ ಆಗಿ ಬನ್ನಿ ಎಂದು ಕರೆದಿದ್ದರು. ಸೋಮವಾರ ಉತ್ತರ ಕೊಡಬೇಕು. ಗಂಡನನ್ನು ಕೇಳದೆ ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿಲ್ಲ. ಭಾನುವಾರ ನಾನೂ ಊಟಕ್ಕೆ ಹೋಗಿದ್ದೆ.

“ರೀ, ಆ ಕೆಲಸದ ವಿಷಯ...”

“ಹೂಂ,” ಎಂದರು ಭಾವ, ತೊಡೆ ನೋಡುತ್ತಲೇ.

“ಹೋಗ್ಲಾ, ಬೇಡ್ವಾ?”

“ಹೂಂ. ಸ್ವಲ್ಪ ಉಪ್ಪು ಕೊಡು.”

ಅಕ್ಕ ಉಪ್ಪು ಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, “ಓದುಗರು ಏನೇ ಕೇಳಿದ್ರೂ ತಕ್ಷಣ ಉತ್ತರ ಕೊಡ್ತೀನಿ ಅಂತ ಜಾಲತಾಣದ ತಮ್ಮ ಪುಟದಲ್ಲಿ ಬರ್ದಿದಾರಲ್ಲ, ನಿಜವಾಗ್ಲೂ ಕೊಡ್ತಾರೇನೇ?” ಎಂದಳು.

“ಬಾಯಿಗಿಟ್ಟ ತುತ್ತು ಬಿಟ್ಟು ಕೊಡ್ತಾರೆ.”

ಅಕ್ಕ ಮತ್ತೆ ಗಂಡನ ಎದುರಿಗೇ ಬಂದು ಕುಳಿತಳು. ತನ್ನ ಫೋನಿನಲ್ಲಿ ಯಾವುದೋ ಸುಳ್ಳು ಹೆಸರಿನ ಖಾತೆ ತೆರೆದು ಭಾವನ ಪುಟದಲ್ಲಿ ಬರೆದಳು: “ಸರ್, ನನ್ನ ಗಂಡ ಫೋನಿನಿಂದ ತಲೆ ಎತ್ತೋದಿಲ್ಲ. ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ಹೋಗ್ಲಾ ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೆ. ನಾನೇನ್ಮಾಡ್ಲಿ?”

ಭಾವನ ತೊಡೆ ಟಿಂಗ್ ಎಂದಿತು. ಮುಖ ಅರಳಿತು. ಎಡಗೈ ಒಂದರಲ್ಲೇ ಟಪಟಪ ಟೈಪ್ ಮಾಡಿದರು: “ಸೋದರಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಿಮ್ಮ ಮಾತಿಗೆ ಕಿವಿಗೊಡದವನಿಗೆ ನಿಮ್ಮನ್ನು ತಡೆಯುವ ಹಕ್ಕಿಲ್ಲ. ಧೈರ್ಯವಾಗಿ ಹೋಗಿ.” ಲೈಕುಗಳು ಸುರಿದವು.

“ನೋಡಮ್ಮ, ಎಂಥೆಂಥ ಗಂಡಸರು ಇರ್ತಾರೆ!” ಎಂದು ನನ್ನೆದುರು ಲೊಚಗುಟ್ಟಿದರು.

ಅಕ್ಕ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಗಂಡನಿಂದ ಇಷ್ಟುದ್ದದ ಉತ್ತರ ಅವಳಿಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ! ಅದನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಸೋಮವಾರ ಅವಳು ಬರುತ್ತೇನೆಂದು ಆಸ್ಪತ್ರೆಗೆ ತಿಳಿಸಿದಳು. ಹೊರಡುವ ದಿನ ಬಾಗಿಲಲ್ಲಿ ಸೂಟ್‌ಕೇಸ್ ಕಂಡಾಗಲೇ ಭಾವ ತಲೆ ಎತ್ತಿದ್ದು.

“ಎಲ್ಲಿಗೆ? ನನ್ನನ್ನ ಒಂದ್ಮಾತು ಕೇಳ್ಬಾರ್ದಾ?”

“ಕೇಳಿದ್ದೆ. ನೀವೇ ಹೋಗು ಅಂದ್ರಿ,” ಎನ್ನುತ್ತ ಅಕ್ಕ ತನ್ನ ಫೋನ್ ಚಾಚಿದಳು.

ಭಾವ ಓದಿದರು. ಮೊದಲ ಸಲ ಮೂರನೆಯ ಅಧ್ಯಾಯ ಮೀರಿ ತಮ್ಮ ಫೋನನ್ನು ಊಟದ ಮೇಜಿನ ಮೇಲಿಟ್ಟು ಹೆಂಡತಿಯ ಮುಖ ನೋಡಿದರು.

“ಹೋಗ್ಬೇಡ ಕಣೇ. ಕೂತು ಮಾತಾಡೋಣ.”

“ಹೂಂ,” ಎಂದಳು ಅಕ್ಕ, ಸೂಟ್‌ಕೇಸ್ ಎತ್ತಿಕೊಂಡು ಟ್ಯಾಕ್ಸಿ ಹತ್ತಿದಳು.